ಪಾಂಡಾಗಳ ಎಣಿಕೆಯಷ್ಟೇ ಸಾಕೆ?



ಬಿಳಿ ಮೈ, ಕಪ್ಪು ಕೈಕಾಲು, ಕಪ್ಪು ಕಿವಿ, ಕಣ್ಣಿನ ಸುತ್ತ ಕಪ್ಪು ಮಚ್ಚೆ. ಇಷ್ಟು ಹೇಳಿದರೆ ಸಾಕು, ಇದು ಪಾಂಡಾ ಎಂದು ನೀವು ಹೇಳಿಬಿಡುತ್ತೀರಿ. ವಿಶ್ವ ವನ್ಯಜೀವಿ ನಿಧಿ ಎಂಬ ಸಂಸ್ಥೆ 1961ರಿಂದಲೂ ಈ ಪ್ರಾಣಿಯ ಚಿತ್ರವನ್ನೇ ತನ್ನ ಲಾಂಛನವಾಗಿ ಬಳಸುತ್ತಿದೆ. ಪಾಂಡಾ ಕರಡಿಯ ಕುಟುಂಬಕ್ಕೆ ಸೇರಿದ ಪ್ರಾಣಿ. ಆದರೆ ಅದರ ಆಹಾರದಲ್ಲಿ ನೂರಕ್ಕೆ 99 ಪಾಲು ಬಿದಿರೇ! ಕಾಡಿನಲ್ಲಿ ಪಾಂಡಾಗಳು ಇರುವುದು ಜಗತ್ತಿನ ಒಂದೇ ಒಂದು ದೇಶದಲ್ಲಿ, ಚೀನಾದಲ್ಲಿ.

ಈ ಪ್ರಾಣಿಗಳ ಬಗ್ಗೆ ಒಂದು ಸಂತೋಷದ ಸುದ್ದಿ ಇದೆ. ಚೀನಾದಲ್ಲಿ ನಡೆದ ಮೂರನೇ ಗಣತಿಯ ಫಲಿತಾಂಶ 2004ರಲ್ಲಿ ಪ್ರಕಟವಾದಾಗ ಕಾಡಿನಲ್ಲಿದ್ದ ಪಾಂಡಾಗಳು 1,596. ನಾಲ್ಕನೇ ಗಣತಿಯ ಫಲಿತಾಂಶ 2015ರಲ್ಲಿ ಬಂದಾಗ 1,864. ಚೀನಾ ಸರ್ಕಾರ 2024ರಲ್ಲಿ ತಿಳಿಸಿದ ಪ್ರಕಾರ ಸುಮಾರು 1,900. ಸಂಖ್ಯೆ ಏರುತ್ತಿದೆ. ಹಾಗಾದರೆ ಪಾಂಡಾಗಳ ಕಷ್ಟ ಮುಗಿಯಿತೆ? ಇನ್ನು ಚಿಂತೆಯಿಲ್ಲವೆ?

ಉತ್ತರ ಹೇಳುವ ಮೊದಲು ಈ ಸಂಖ್ಯೆಯನ್ನು ಬಿಡಿಸಿ ನೋಡೋಣ.

ಆರು ಬೆಟ್ಟಸಾಲುಗಳು

ನಿಮ್ಮ ಶಾಲೆಯ ಭೂಪಟದಲ್ಲಿ ಚೀನಾ ದೇಶವನ್ನು ಹುಡುಕಿ. ಅದರ ನಡುಭಾಗದಲ್ಲಿ ಸಿಚುವಾನ್, ಶಾನ್‌ಶಿ, ಗಾನ್ಸು ಎಂಬ ಮೂರು ಪ್ರಾಂತಗಳಿವೆ. ಈ ಪ್ರಾಂತಗಳ ಆರು ಬೆಟ್ಟಸಾಲುಗಳಲ್ಲಿ ಮಾತ್ರ ಪಾಂಡಾಗಳು ಉಳಿದಿವೆ. ನಾಲ್ಕನೇ ಗಣತಿಯಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಕಂಡವು ಎಂಬುದು ಹೀಗಿದೆ:

ಮಿನ್‌ಶಾನ್ – 797
ಚಿಯೊಂಗ್‌ಲಾಯ್ – 528
ಚಿನ್‌ಲಿಂಗ್ – 347
ಲಿಯಾಂಗ್‌ಶಾನ್ – 124
ದಾಶಿಯಾಂಗ್‌ಲಿಂಗ್ – 38
ಶಿಯಾವ್‌ಶಿಯಾಂಗ್‌ಲಿಂಗ್ – 30

ಕೂಡಿಸಿ ನೋಡಿ. 1,864 ಬಂತೆ? ಮೊದಲ ಎರಡು ಸಾಲುಗಳಲ್ಲೇ ನೂರಕ್ಕೆ 71ರಷ್ಟು ಪಾಂಡಾಗಳಿವೆ. ಕೊನೆಯ ಎರಡು ಸಾಲುಗಳಲ್ಲಿ ಸೇರಿ ಇರುವುದು ಬರೀ 68.

ಇಷ್ಟೇ ಅಲ್ಲ. ಒಂದೇ ಬೆಟ್ಟಸಾಲಿನ ಒಳಗೂ ಪಾಂಡಾಗಳು ಒಟ್ಟಾಗಿಲ್ಲ. ನಡುವೆ ಹೆದ್ದಾರಿ ಹಾದುಹೋಗಿದೆ, ಹೊಲಗಳಿವೆ, ಊರುಗಳಿವೆ, ಅಣೆಕಟ್ಟುಗಳಿವೆ. ಹೀಗಾಗಿ ಕಾಡಿನ ಪಾಂಡಾಗಳು ಒಟ್ಟು 33 ತುಂಡು ಗುಂಪುಗಳಾಗಿ ಹಂಚಿಹೋಗಿವೆ ಎಂದು ಅದೇ ಗಣತಿ ತಿಳಿಸಿತು. ಒಂದು ದೊಡ್ಡ ಊರಿನಲ್ಲಿ 1,864 ಜನ ಇರುವುದು ಬೇರೆ. ದೋಣಿಯೇ ಇಲ್ಲದ 33 ದ್ವೀಪಗಳಲ್ಲಿ ಅಷ್ಟೇ ಜನ ಚದುರಿಕೊಂಡಿರುವುದು ಬೇರೆ. ಅಲ್ಲವೆ?

ಹೀಗೆ ಬೇರೆ ಬೇರೆಯಾಗಿದ್ದರೆ ಏನು ತೊಂದರೆ? ಇದನ್ನು ತಿಳಿಯಲು ನಾವು ಪ್ರಾಣಿಯ ಮೈಯೊಳಗೆ, ಅದರ ಜೀವಕೋಶದೊಳಗೆ ಹೋಗಬೇಕು.

ಜೀವಕೋಶದೊಳಗಿನ ಬರಹ

ಪ್ರತಿಯೊಂದು ಜೀವಿಯ ಜೀವಕೋಶದಲ್ಲೂ ಡಿಎನ್‌ಎ ಎಂಬ ಉದ್ದನೆಯ ಎಳೆಯಿರುತ್ತದೆ. ಅದು ನಾಲ್ಕೇ ಅಕ್ಷರಗಳಲ್ಲಿ ಬರೆದ ದೊಡ್ಡ ಪುಸ್ತಕವಿದ್ದಂತೆ. ಪಾಂಡಾದ ಪುಸ್ತಕದಲ್ಲಿ ಸುಮಾರು 240 ಕೋಟಿ ಅಕ್ಷರಗಳಿವೆ. ಜಿಂಗ್‌ಜಿಂಗ್ ಎಂಬ ಹೆಣ್ಣು ಪಾಂಡಾದ ಡಿಎನ್‌ಎಯನ್ನು ವಿಜ್ಞಾನಿಗಳು ಓದಿ ಮುಗಿಸಿ, 2009ರ ಕೊನೆಯಲ್ಲಿ ಪ್ರಕಟಿಸಿದರು.

ಈ ಪುಸ್ತಕದ ಒಂದೊಂದು ಅರ್ಥಪೂರ್ಣ ಭಾಗವೂ ಒಂದು ವಂಶವಾಹಿ. ಇದನ್ನೇ ಜೀನ್ ಎನ್ನುತ್ತೇವೆ. ಕೂದಲಿನ ಬಣ್ಣ, ಹಲ್ಲಿನ ಗಾತ್ರ, ರೋಗವನ್ನು ಎದುರಿಸುವ ಶಕ್ತಿ ಮುಂತಾದ ಎಷ್ಟೋ ಗುಣಗಳಿಗೆ ಜೀನುಗಳು ಕಾರಣ. ಪ್ರತಿ ಜೀನಿನಲ್ಲೂ ಎರಡು ಪ್ರತಿಗಳಿರುತ್ತವೆ: ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು.

ಒಂದೇ ಜೀನ್ ಎಲ್ಲ ಪಾಂಡಾಗಳಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರುವುದಿಲ್ಲ. ಇಲ್ಲೊಂದು ಅಕ್ಷರ, ಅಲ್ಲೊಂದು ಅಕ್ಷರ ಬೇರೆಯಿರುತ್ತದೆ. ಇಂಥ ವ್ಯತ್ಯಾಸಗಳ ಒಟ್ಟು ಸಂಪತ್ತೇ ಆನುವಂಶಿಕ ವೈವಿಧ್ಯ. ಸಂಪತ್ತು ಎಂದು ಏಕೆ ಕರೆದೆವು? ಒಂದು ಹೊಸ ರೋಗ ಬಂತೆನ್ನಿ. ಎಲ್ಲ ಪ್ರಾಣಿಗಳೂ ಒಂದೇ ಬಗೆಯವಾಗಿದ್ದರೆ ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲುತ್ತದೆ. ವ್ಯತ್ಯಾಸಗಳಿದ್ದರೆ ಕೆಲವಾದರೂ ತಡೆದುಕೊಂಡು ಉಳಿಯುತ್ತವೆ. ರೋಗದ ಭಯ ಬರೀ ಊಹೆಯಲ್ಲ. 2014ರ ಕೊನೆಗೆ ಮತ್ತು 2015ರ ಮೊದಲಿಗೆ ಶಾನ್‌ಶಿ ಪ್ರಾಂತದ ಒಂದು ಆರೈಕೆ ಕೇಂದ್ರದಲ್ಲಿ ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ವೈರಸ್ ರೋಗ ಹರಡಿ ಐದು ಪಾಂಡಾಗಳು ಸತ್ತವು.

ಪಾಂಡಾ ಅಳಿವಿನ ಹಾದಿಯಲ್ಲಿರುವ ಪ್ರಾಣಿ, ಆದ್ದರಿಂದ ಅದರ ವೈವಿಧ್ಯವೆಲ್ಲ ಕರಗಿ ಹೋಗಿರಬೇಕು ಎಂದು ಹಿಂದೆ ಹಲವರು ತಿಳಿದಿದ್ದರು. ಜಿಂಗ್‌ಜಿಂಗಳ ಡಿಎನ್‌ಎ ಬೇರೆಯೇ ಕಥೆ ಹೇಳಿತು. ಆಕೆಗೆ ತಾಯಿ ಮತ್ತು ತಂದೆಯಿಂದ ಬಂದ ಎರಡು ಪ್ರತಿಗಳ ನಡುವಿನ ವ್ಯತ್ಯಾಸ ಮನುಷ್ಯರಲ್ಲಿ ಕಾಣುವುದಕ್ಕಿಂತಲೂ ಹೆಚ್ಚಾಗಿತ್ತು! ಅಂದರೆ ಒಟ್ಟಾರೆಯಾಗಿ ನೋಡಿದರೆ ಪಾಂಡಾಗಳ ಸಂಪತ್ತು ಇನ್ನೂ ಬರಿದಾಗಿಲ್ಲ. ಅಪಾಯವಿರುವುದು ಸಣ್ಣ ಸಣ್ಣ ತುಂಡು ಗುಂಪುಗಳಲ್ಲಿ. ಅದು ಹೇಗೆಂದು ನೀವೇ ಮಾಡಿ ತಿಳಿಯಬಹುದು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಒಂದೇ ಅಳತೆಯ ಕಾಗದದ ಚೀಟಿಗಳು, ಪೆನ್ಸಿಲ್, ಎರಡು ಚೀಲ ಅಥವಾ ಡಬ್ಬಿ.

1. ತರಗತಿಯಲ್ಲಿ ನಾಲ್ಕೈದು ಗುಂಪುಗಳಾಗಿ. ಪ್ರತಿ ಗುಂಪೂ ನಾಲ್ಕು ಚೀಟಿಗಳನ್ನು ಮಾಡಿ, ಅವುಗಳ ಮೇಲೆ ಅ, ಆ, ಇ, ಈ ಎಂದು ಒಂದೊಂದು ಅಕ್ಷರ ಬರೆಯಲಿ. ಇವು ಒಂದೇ ಜೀನಿನ ನಾಲ್ಕು ರೂಪಗಳು.

2. ಚೀಟಿಗಳನ್ನು ಚೀಲಕ್ಕೆ ಹಾಕಿ ಕುಲುಕಿ. ನೋಡದೆ ಒಂದನ್ನು ತೆಗೆದು ಅಕ್ಷರವನ್ನು ಬರೆದುಕೊಳ್ಳಿ. ಚೀಟಿಯನ್ನು ಮರಳಿ ಚೀಲಕ್ಕೆ ಹಾಕಿ. ಹೀಗೆ ನಾಲ್ಕು ಬಾರಿ ಮಾಡಿ. ಬರೆದುಕೊಂಡ ನಾಲ್ಕು ಅಕ್ಷರಗಳೇ ಮುಂದಿನ ತಲೆಮಾರು.

3. ಹಳೆಯ ಚೀಟಿಗಳನ್ನು ತೆಗೆದಿಟ್ಟು, ಹೊಸ ತಲೆಮಾರಿನ ನಾಲ್ಕು ಚೀಟಿಗಳನ್ನು ಚೀಲಕ್ಕೆ ಹಾಕಿ. ಹೀಗೆಯೇ ಹತ್ತು ತಲೆಮಾರು ಮುಂದುವರಿಸಿ.

4. ಇನ್ನೊಂದು ಚೀಲದಲ್ಲಿ ಪ್ರತಿ ಅಕ್ಷರದ ಹತ್ತು ಚೀಟಿಯಂತೆ ಒಟ್ಟು 40 ಚೀಟಿ ಹಾಕಿ. ಇಡೀ ತರಗತಿ ಸೇರಿ ಪ್ರತಿ ತಲೆಮಾರಿಗೆ 40 ಬಾರಿ ತೆಗೆದು ಹಾಕಿ, ನಾಲ್ಕು ತಲೆಮಾರು ಮಾಡಿ.

ಏನು ಕಂಡಿರಿ? ಸಣ್ಣ ಚೀಲಗಳಲ್ಲಿ ಅಕ್ಷರಗಳು ಒಂದೊಂದಾಗಿ ಕಳೆದುಹೋಗುತ್ತವೆ. ಹತ್ತು ತಲೆಮಾರಿನ ನಂತರ ಹೆಚ್ಚಿನ ಗುಂಪುಗಳಲ್ಲಿ ಒಂದೋ ಎರಡೋ ಅಕ್ಷರ ಮಾತ್ರ ಉಳಿದಿರುತ್ತವೆ. ದೊಡ್ಡ ಚೀಲದಲ್ಲಿ ಸಾಮಾನ್ಯವಾಗಿ ನಾಲ್ಕೂ ಅಕ್ಷರಗಳು ಉಳಿದಿರುತ್ತವೆ. ಕಳೆದುಹೋದ ಅಕ್ಷರ ಕೆಟ್ಟದ್ದಾಗಿತ್ತೆ? ಇಲ್ಲ. ಕೈಗೆ ಸಿಗಲಿಲ್ಲ, ಅಷ್ಟೆ. ಸಣ್ಣ ಗುಂಪಿನಲ್ಲಿ ಒಳ್ಳೆಯ ಜೀನು ಕೂಡ ಹೀಗೆ ಆಕಸ್ಮಿಕವಾಗಿ ಕಳೆದುಹೋಗುತ್ತದೆ. ಒಮ್ಮೆ ಕಳೆದುಹೋದದ್ದು ಆ ಚೀಲಕ್ಕೆ ತಾನಾಗಿ ಮರಳುವುದಿಲ್ಲ.

ಇನ್ನೊಂದನ್ನು ಗಮನಿಸಿ. ನಿಮ್ಮ ಗುಂಪಿನಲ್ಲಿ ‘ಅ’ ಉಳಿದಿದ್ದರೆ ಪಕ್ಕದ ಗುಂಪಿನಲ್ಲಿ ‘ಈ’ ಉಳಿದಿರಬಹುದು. ಆರಂಭದಲ್ಲಿ ಎಲ್ಲ ಚೀಲಗಳೂ ಒಂದೇ ರೀತಿ ಇದ್ದವು. ಬೇರೆ ಬೇರೆಯಾಗಿ ಉಳಿದದ್ದರಿಂದ ಒಂದರಂತೆ ಇನ್ನೊಂದಿಲ್ಲ. ಪ್ರಾಣಿಗಳ ಗುಂಪುಗಳು ಬೇರೆಯಾಗಿ ಬಹುಕಾಲ ಕಳೆದರೆ ಇದೇ ಆಗುತ್ತದೆ.

ಎಷ್ಟು ಕಾಲದ ಹಿಂದೆ ಬೇರೆಯಾದವು?

ಪಾಂಡಾಗಳ ಗುಂಪುಗಳು ಯಾವಾಗ ಬೇರೆಯಾದವು ಎಂದು ತಿಳಿಯುವುದು ಹೇಗೆ? ಯಾರೂ ಬರೆದಿಟ್ಟಿಲ್ಲವಲ್ಲ! ಬರೆದಿಟ್ಟಿದೆ, ಡಿಎನ್‌ಎಯಲ್ಲೇ.

ಒಂದು ಕಥೆಯನ್ನು ಎರಡು ಊರಿನವರು ಪ್ರತಿ ಮಾಡಿಕೊಂಡರು ಎಂದುಕೊಳ್ಳಿ. ಪ್ರತಿ ವರ್ಷ ಹಳೆಯ ಪ್ರತಿಯನ್ನು ನೋಡಿ ಹೊಸ ಪ್ರತಿ ಬರೆಯುತ್ತಾರೆ. ಬರೆಯುವಾಗ ಒಂದೆರಡು ಅಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ಪ್ರತಿಗೂ ಹೋಗುತ್ತದೆ. ಬಹಳ ವರ್ಷಗಳ ನಂತರ ಎರಡೂ ಊರಿನ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ವ್ಯತ್ಯಾಸ ಎಷ್ಟಿದೆ ಎಂಬುದರಿಂದ ಅವು ಬೇರೆಯಾಗಿ ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಬಹುದು. ಡಿಎನ್‌ಎಯಲ್ಲೂ ತಲೆಮಾರಿನಿಂದ ತಲೆಮಾರಿಗೆ ಇಂಥ ಬದಲಾವಣೆಗಳು ನಿಧಾನವಾಗಿ ಸೇರುತ್ತಾ ಹೋಗುತ್ತವೆ.

ಚೀನಾದ ವಿಜ್ಞಾನಿಗಳು ಕಾಡಿನ 34 ಪಾಂಡಾಗಳ ಪೂರ್ತಿ ಡಿಎನ್‌ಎಯನ್ನು ಓದಿ 2012ರ ಕೊನೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ಬೆಟ್ಟಸಾಲುಗಳಿದ್ದರೂ ಡಿಎನ್‌ಎ ನೋಡಿದಾಗ ಮೂರು ಗುಂಪುಗಳು ಕಂಡವು. ಚಿನ್‌ಲಿಂಗ್ ಒಂದು, ಮಿನ್‌ಶಾನ್ ಇನ್ನೊಂದು, ಉಳಿದ ನಾಲ್ಕು ಸಾಲುಗಳು ಸೇರಿ ಮೂರನೆಯದು. ಚಿನ್‌ಲಿಂಗ್ ಪಾಂಡಾಗಳು ಉಳಿದವುಗಳಿಂದ ಬೇರೆಯಾದದ್ದು ಸುಮಾರು 3 ಲಕ್ಷ ವರ್ಷಗಳ ಹಿಂದೆ. ಮಿನ್‌ಶಾನ್ ಗುಂಪು ಮತ್ತು ಮೂರನೆಯ ಗುಂಪು ಬೇರೆಯಾದದ್ದು ಸುಮಾರು 2,800 ವರ್ಷಗಳ ಹಿಂದೆ.

ಈ ಎರಡು ಸಂಖ್ಯೆಗಳನ್ನು ಹೋಲಿಸಿ. ಮೂರು ಲಕ್ಷ ವರ್ಷಗಳ ಹಿಂದಿನ ಅಗಲಿಕೆಗೆ ಮನುಷ್ಯ ಕಾರಣನಲ್ಲ. ಭೂಮಿಯ ಹವೆ ಬದಲಾಗಿ, ಕಾಡು ಕುಗ್ಗಿ ಹಿಗ್ಗಿದ ಕಾಲದ ಸಂಗತಿ ಅದು. ಆದರೆ 2,800 ವರ್ಷಗಳ ಹಿಂದಿನ ಅಗಲಿಕೆ ಹಾಗಲ್ಲ. ಅಷ್ಟರಲ್ಲಿ ಚೀನಾದಲ್ಲಿ ಬೇಸಾಯ ಬೆಳೆದಿತ್ತು, ಕಣಿವೆಗಳ ಕಾಡು ಕಡಿದು ಹೊಲ ಮಾಡಲಾಗುತ್ತಿತ್ತು. ಈ ಅಗಲಿಕೆಗೆ ಮನುಷ್ಯರ ಚಟುವಟಿಕೆಯೇ ಕಾರಣವಿರಬೇಕು ಎಂದು ವಿಜ್ಞಾನಿಗಳು ಹೇಳುತ್ತಾರೆ.

ಕಂದು ಬಣ್ಣದ ಪಾಂಡಾ

ಚಿನ್‌ಲಿಂಗ್ ಪಾಂಡಾಗಳು ನೋಡಲು ಕೂಡ ಸ್ವಲ್ಪ ಬೇರೆ. ಅವುಗಳ ತಲೆಬುರುಡೆ ಚಿಕ್ಕದು, ದವಡೆ ಹಲ್ಲುಗಳು ದೊಡ್ಡವು. ಈ ಕಾರಣಗಳಿಂದ ಅವನ್ನು ಪ್ರತ್ಯೇಕ ಉಪಪ್ರಭೇದ ಎಂದು ಕರೆಯಬೇಕೆಂದು 2005ರಲ್ಲಿ ಕೆಲವು ವಿಜ್ಞಾನಿಗಳು ಸೂಚಿಸಿದರು.

ಚಿನ್‌ಲಿಂಗ್ ಬೆಟ್ಟಗಳಲ್ಲಿ ಇನ್ನೊಂದು ಅಚ್ಚರಿಯಿದೆ. 1985ರಲ್ಲಿ ಅಲ್ಲಿ ಕಪ್ಪಿನ ಬದಲು ಕಂದು ಬಣ್ಣವಿದ್ದ ಪಾಂಡಾ ಸಿಕ್ಕಿತು. ಆ ಬಳಿಕವೂ ಅಂಥ ಕೆಲವು ಕಂಡಿವೆ. ಎಲ್ಲವೂ ಅದೇ ಬೆಟ್ಟಸಾಲಿನಲ್ಲಿ! 2009ರಲ್ಲಿ ಅಲ್ಲಿನ ಫೊಪಿಂಗ್ ರಕ್ಷಿತಾರಣ್ಯದಲ್ಲಿ ಒಂದು ಕಂದು ಬಣ್ಣದ ಗಂಡು ಮರಿ ಸಿಕ್ಕಿತು. ಅದಕ್ಕೆ ಚಿಜಾಯ್ ಎಂದು ಹೆಸರಿಟ್ಟು ಸಾಕಿದರು.

ಚಿಜಾಯ್‌ಗೆ ಈ ಬಣ್ಣ ಏಕೆ ಬಂತು? ಉತ್ತರ 2024ರಲ್ಲಿ ಪ್ರಕಟವಾಯಿತು. ಬೇಸ್2 ಎಂಬ ಜೀನಿನಲ್ಲಿ 25 ಅಕ್ಷರಗಳು ಬಿಟ್ಟುಹೋಗಿದ್ದವು. 240 ಕೋಟಿ ಅಕ್ಷರಗಳಲ್ಲಿ ಬರೀ 25! ಅಷ್ಟಕ್ಕೇ ಬಣ್ಣ ಬದಲಾಗುತ್ತದೆಯೆ? ಈ ಬರಹವನ್ನು ಓದಿ:

ಕಮಲ ಹವಳ ನವಿಲು

ಇಲ್ಲಿ ಮೂರು ಮೂರು ಅಕ್ಷರಗಳ ಪದಗಳಿವೆ. ಈಗ ‘ಮ’ ಎಂಬ ಒಂದೇ ಅಕ್ಷರವನ್ನು ಅಳಿಸಿ, ಉಳಿದದ್ದನ್ನು ಮತ್ತೆ ಮೂರು ಮೂರಾಗಿ ಓದಿ:

ಕಲಹ ವಳನ ವಿಲು

ಕಮಲ ಹೋಗಿ ಕಲಹವಾಯಿತು! ಮುಂದಿನ ಪದಗಳೂ ಕೆಟ್ಟವು. ಜೀವಕೋಶವೂ ಜೀನಿನ ಅಕ್ಷರಗಳನ್ನು ಮೂರು ಮೂರಾಗಿಯೇ ಓದುತ್ತದೆ. ಆದ್ದರಿಂದ ಸಣ್ಣ ಲೋಪವೂ ದೊಡ್ಡ ಬದಲಾವಣೆ ತರಬಲ್ಲದು.

ಚಿಜಾಯ್‌ನ ತಾಯಿ ತಂದೆ ಇಬ್ಬರೂ ಕಪ್ಪು ಬಿಳುಪಿನವೇ. ಇಬ್ಬರಲ್ಲೂ ಆ ಜೀನಿನ ಒಂದು ಪ್ರತಿ ಸರಿಯಿತ್ತು, ಒಂದರಲ್ಲಿ ಲೋಪವಿತ್ತು. ಒಂದು ಪ್ರತಿ ಸರಿಯಿದ್ದರೆ ಕಪ್ಪು ಬಣ್ಣ ಬರುತ್ತದೆ. ಚಿಜಾಯ್‌ಗೆ ಮಾತ್ರ ತಾಯಿಯಿಂದಲೂ ತಂದೆಯಿಂದಲೂ ಲೋಪವಿದ್ದ ಪ್ರತಿಯೇ ಬಂತು. ಹೀಗೆ ಅಡಗಿ ಕುಳಿತು, ಎರಡೂ ಪ್ರತಿ ಸೇರಿದಾಗ ಮಾತ್ರ ಹೊರಬೀಳುವ ಗುಣವನ್ನು ಸುಪ್ತ ಗುಣ ಎನ್ನುತ್ತಾರೆ.

ಕಂದು ಬಣ್ಣದಿಂದ ಚಿಜಾಯ್‌ಗೆ ಕೇಡೇನೂ ಆಗಿಲ್ಲ. ಅವನು ಆರೋಗ್ಯವಾಗಿ ಬೆಳೆದ. ಆದರೆ ಇದರಿಂದ ನಾವು ಕಲಿಯಬೇಕಾದ ಪಾಠವೊಂದಿದೆ. ಕೆಲವು ಸುಪ್ತ ಗುಣಗಳು ಬಣ್ಣದಂತೆ ನಿರಪಾಯವಲ್ಲ; ರೋಗವನ್ನೋ ದುರ್ಬಲತೆಯನ್ನೋ ತರುವಂಥವು. ಮೂವತ್ತು ಪ್ರಾಣಿಗಳಷ್ಟೇ ಇರುವ ಗುಂಪಿನಲ್ಲಿ ಕೆಲವು ತಲೆಮಾರು ಕಳೆದರೆ ಎಲ್ಲವೂ ಹತ್ತಿರದ ನೆಂಟರೇ ಆಗಿಬಿಡುತ್ತವೆ. ನೆಂಟರಲ್ಲಿ ಒಂದೇ ಲೋಪದ ಪ್ರತಿಗಳಿರುವ ಸಂಭವ ಹೆಚ್ಚು. ಅಂಥ ಎರಡು ಪ್ರತಿಗಳು ಮರಿಯಲ್ಲಿ ಸೇರುವ ಸಂಭವವೂ ಹೆಚ್ಚು.

ಲದ್ದಿಯಿಂದ ಲೆಕ್ಕ

ದಟ್ಟ ಬಿದಿರಿನಲ್ಲಿ ಪಾಂಡಾ ಕಣ್ಣಿಗೆ ಬೀಳುವುದೇ ಅಪರೂಪ. ಹಾಗಾದರೆ ಅದರ ಡಿಎನ್‌ಎ ಸಿಗುವುದು ಹೇಗೆ? ಸುಲಭ, ಅದರ ಲದ್ದಿಯಿಂದ! ಲದ್ದಿಯ ಹೊರಮೈಯಲ್ಲಿ ಕರುಳಿನ ಜೀವಕೋಶಗಳು ಅಂಟಿಕೊಂಡಿರುತ್ತವೆ. ಅವುಗಳಲ್ಲಿರುವ ಡಿಎನ್‌ಎ ಓದಿದರೆ ಇದು ಯಾವ ಪಾಂಡಾ, ಗಂಡೋ ಹೆಣ್ಣೋ, ಯಾರ ಮರಿ ಎಂದೆಲ್ಲ ತಿಳಿಯುತ್ತದೆ. ಪಾಂಡಾವನ್ನು ಹಿಡಿಯಬೇಕಿಲ್ಲ, ಹೆದರಿಸಬೇಕಿಲ್ಲ.

ಹಿಂದೆ ಲದ್ದಿಯಲ್ಲಿರುವ ಬಿದಿರಿನ ಚೂರುಗಳ ಉದ್ದವನ್ನು ಅಳೆದು, ಕಚ್ಚಿದ ಗಾತ್ರದಿಂದ ಪಾಂಡಾಗಳನ್ನು ಗುರುತಿಸುತ್ತಿದ್ದರು. ಸಿಚುವಾನ್‌ನ ವಾಂಗ್‌ಲಾಂಗ್ ರಕ್ಷಿತಾರಣ್ಯದಲ್ಲಿ 1998ರ ಎಣಿಕೆಯಂತೆ 27 ಪಾಂಡಾಗಳಿದ್ದವು. ಲದ್ದಿಯ ಡಿಎನ್‌ಎ ನೋಡಿ ಎಣಿಸಿದಾಗ 66 ಪಾಂಡಾಗಳ ಗುರುತು ಸಿಕ್ಕಿತು. ಇದು ಪ್ರಕಟವಾದದ್ದು 2006ರಲ್ಲಿ.

ಡಿಎನ್‌ಎಯಿಂದ ಇನ್ನೊಂದು ಸಂಗತಿಯೂ ತಿಳಿಯಿತು. ಪಾಂಡಾಗಳಲ್ಲಿ ಹುಟ್ಟಿದ ಜಾಗ ಬಿಟ್ಟು ದೂರ ಹೋಗುವುದು ಹೆಚ್ಚಾಗಿ ಹೆಣ್ಣು ಮರಿಗಳು. ಹೊಸ ಜಾಗಕ್ಕೆ ಹೊಸ ಜೀನುಗಳನ್ನು ಒಯ್ಯುವವು ಅವೇ. ದಾರಿಯಲ್ಲಿ ಹೆದ್ದಾರಿಯೋ ಹೊಲವೋ ಅಡ್ಡಬಂದರೆ ಆ ಪಯಣ ಅಲ್ಲಿಗೇ ನಿಲ್ಲುತ್ತದೆ.

ದಾರಿ ಮುಚ್ಚಿದರೆ ಹಸಿವಿನ ಭಯವೂ ಇದೆ. ಬಿದಿರು ಎಷ್ಟೋ ವರ್ಷಗಳಿಗೊಮ್ಮೆ ಒಟ್ಟಿಗೆ ಹೂಬಿಟ್ಟು, ಬಿದಿರಕ್ಕಿ ಉದುರಿಸಿ ಸಾಯುತ್ತದೆ. ನಮ್ಮ ಮಲೆನಾಡಿನ ಹಿರಿಯರನ್ನು ಕೇಳಿದರೆ ಇದರ ಬಗ್ಗೆ ಹೇಳುತ್ತಾರೆ. ಮಿನ್‌ಶಾನ್‌ನಲ್ಲಿ 1970ರ ದಶಕದಲ್ಲಿ, ಚಿಯೊಂಗ್‌ಲಾಯ್‌ನಲ್ಲಿ 1983ರಲ್ಲಿ ಹೀಗೆ ಬಿದಿರು ಒಣಗಿತು. ಮಿನ್‌ಶಾನ್‌ನಲ್ಲಿ ನೂರಕ್ಕೂ ಹೆಚ್ಚು ಪಾಂಡಾಗಳು ಸತ್ತವು. ಹಿಂದಿನ ಕಾಲದಲ್ಲಿ ಒಂದು ಬಗೆಯ ಬಿದಿರು ಒಣಗಿದರೆ ಪಾಂಡಾಗಳು ಇನ್ನೊಂದು ಬಗೆಯ ಬಿದಿರಿರುವ ಕಣಿವೆಗೆ ಇಳಿಯುತ್ತಿದ್ದವು. ಕಣಿವೆಯೇ ಹೊಲವಾದಾಗ ಇಳಿಯುವುದೆಲ್ಲಿಗೆ?

ಸೇತುವೆ ಕಟ್ಟುವ ಕೆಲಸ

ನಿಮ್ಮ ಚೀಟಿಯ ಆಟಕ್ಕೆ ಮರಳಿ ಬನ್ನಿ. ಈಗ ನಿಯಮವನ್ನು ಸ್ವಲ್ಪ ಬದಲಿಸಿ. ಪ್ರತಿ ಎರಡು ತಲೆಮಾರಿಗೊಮ್ಮೆ ನಿಮ್ಮ ಚೀಲದ ಒಂದು ಚೀಟಿಯನ್ನು ಪಕ್ಕದ ಗುಂಪಿನ ಒಂದು ಚೀಟಿಯೊಂದಿಗೆ ಅದಲು ಬದಲು ಮಾಡಿಕೊಳ್ಳಿ. ಕಳೆದುಹೋದ ಅಕ್ಷರಗಳು ಆಗಾಗ ಮರಳಿ ಬರುವುದನ್ನು ಕಾಣುತ್ತೀರಿ. ಒಂದೇ ಒಂದು ಚೀಟಿ ಎಷ್ಟು ದೊಡ್ಡ ಕೆಲಸ ಮಾಡಿತು ನೋಡಿ!

ಚೀನಾದಲ್ಲಿ ಇದನ್ನೇ ಮಾಡಲು ಯತ್ನಿಸುತ್ತಿದ್ದಾರೆ. ಚಿನ್‌ಲಿಂಗ್ ಬೆಟ್ಟದಲ್ಲಿ ಹೆದ್ದಾರಿಯೊಂದು ಸುರಂಗದೊಳಗೆ ಹೋದ ಮೇಲೆ ಬಳಕೆಯಿಲ್ಲದಾದ ಹಳೆಯ ರಸ್ತೆಯ ಜಾಗದಲ್ಲಿ ಬಿದಿರು ನೆಟ್ಟರು. ಪಾಂಡಾಗಳು ಆ ದಾರಿಯಲ್ಲಿ ಮತ್ತೆ ಓಡಾಡತೊಡಗಿದವು. ಇಂಥ ಹಸಿರು ದಾರಿಯನ್ನು ವನ್ಯಜೀವಿ ಕಾರಿಡಾರ್ ಎನ್ನುತ್ತಾರೆ. 2021ರಲ್ಲಿ ಮೂರೂ ಪ್ರಾಂತಗಳಿಗೆ ಹರಡಿದ, ಸುಮಾರು 22,000 ಚದರ ಕಿಲೋಮೀಟರ್‌ನ ಪಾಂಡಾ ರಾಷ್ಟ್ರೀಯ ಉದ್ಯಾನವೂ ಸ್ಥಾಪನೆಯಾಯಿತು. ಚದುರಿದ ತುಂಡುಗಳನ್ನು ಜೋಡಿಸುವುದೇ ಅದರ ಮುಖ್ಯ ಉದ್ದೇಶ.

ದಾರಿ ಮಾಡಲಾಗದ ಕಡೆ ಮನುಷ್ಯರೇ ಪಾಂಡಾವನ್ನು ಒಯ್ದು ಬಿಡುತ್ತಾರೆ. ಮೂವತ್ತೇ ಪಾಂಡಾಗಳಿದ್ದ ಶಿಯಾವ್‌ಶಿಯಾಂಗ್‌ಲಿಂಗ್ ಸಾಲಿನ ಲಿಝಿಪಿಂಗ್ ರಕ್ಷಿತಾರಣ್ಯಕ್ಕೆ 2009ರಲ್ಲಿ ಬೇರೆ ಕಡೆ ರಕ್ಷಿಸಿದ್ದ ಒಂದು ಹೆಣ್ಣು ಪಾಂಡಾವನ್ನು ತಂದು ಬಿಟ್ಟರು. ಅದು ಅಲ್ಲಿ ಮರಿ ಹಾಕಿದ್ದು ಡಿಎನ್‌ಎ ಪರೀಕ್ಷೆಯಿಂದ ದೃಢವಾಯಿತು. 2012ರಲ್ಲಿ ತಾವ್ ತಾವ್ ಎಂಬ ಗಂಡು ಪಾಂಡಾವನ್ನು ಅಲ್ಲೇ ಬಿಟ್ಟರು. ತಾವ್ ತಾವ್‌ಗೆ ಮನುಷ್ಯರ ಒಡನಾಟ ಅಭ್ಯಾಸವಾಗಬಾರದೆಂದು ಅವನನ್ನು ನೋಡಿಕೊಳ್ಳುತ್ತಿದ್ದವರು ಪಾಂಡಾ ವೇಷ ಹಾಕಿಕೊಂಡು ಹೋಗುತ್ತಿದ್ದರು!

ಬೆರೆಸಬೇಕೆ, ಬೇಡವೆ?

ಇಲ್ಲೊಂದು ಕಷ್ಟದ ಪ್ರಶ್ನೆ ಏಳುತ್ತದೆ. ಬೆರೆಸುವುದು ಒಳ್ಳೆಯದಾದರೆ ಎಲ್ಲ ಪಾಂಡಾಗಳನ್ನೂ ಬೆರೆಸಿಬಿಡಬಹುದಲ್ಲ? ಚಿನ್‌ಲಿಂಗ್ ಪಾಂಡಾಗಳನ್ನು ಸಿಚುವಾನ್‌ಗೆ, ಸಿಚುವಾನ್‌ನವನ್ನು ಚಿನ್‌ಲಿಂಗ್‌ಗೆ?

ಇಲ್ಲಿ ಮತ್ತೆ ಆ ಎರಡು ಸಂಖ್ಯೆಗಳು ನೆರವಿಗೆ ಬರುತ್ತವೆ. 2,800 ವರ್ಷಗಳ ಹಿಂದೆ ಬೇರೆಯಾದವು ಒಂದೇ ಮನೆಯ ನಡುವೆ ಗೋಡೆ ಎದ್ದಂತೆ. ಗೋಡೆ ಕಟ್ಟಿದವರು ನಾವು, ಅದರಲ್ಲಿ ಬಾಗಿಲು ತೆರೆಯುವುದು ನ್ಯಾಯ. ಆದರೆ ಮೂರು ಲಕ್ಷ ವರ್ಷ ತಮ್ಮಷ್ಟಕ್ಕೆ ಬದುಕಿದ ಚಿನ್‌ಲಿಂಗ್ ಪಾಂಡಾಗಳು ತಮ್ಮ ಬೆಟ್ಟದ ಚಳಿಗೆ, ತಮ್ಮ ಬಿದಿರಿಗೆ ಒಗ್ಗಿಕೊಂಡಿರುತ್ತವೆ. ಅವನ್ನು ಬೆರೆಸಿದರೆ ಅಷ್ಟು ಕಾಲ ರೂಪುಗೊಂಡ ವಿಶೇಷ ಗುಣಗಳು ಕರಗಿಹೋಗಬಹುದು. ಬೆರೆಸದೆ ಬಿಟ್ಟು, ಅಲ್ಲಿನ 347 ಪಾಂಡಾಗಳಿಗೆ ಮುಂದೆ ಕುತ್ತು ಬಂದರೆ? ಆ ಮಾತೂ ಇದೆ. ಒಟ್ಟು ಎಷ್ಟಿವೆ ಎಂದಷ್ಟೇ ತಿಳಿದವರಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ಯಾವುದು ಯಾರ ನೆಂಟ, ಎಷ್ಟು ಹಳೆಯ ನೆಂಟ ಎಂದು ತಿಳಿದಾಗಲೇ ಇದನ್ನು ಕೇಳಲು ಸಾಧ್ಯ.

ನೆನಪಿಡಿ

• ಒಂದೇ ಪ್ರಭೇದದ ಜೀವಿಗಳ ಜೀನುಗಳಲ್ಲಿರುವ ವ್ಯತ್ಯಾಸಗಳ ಒಟ್ಟು ಮೊತ್ತವೇ ಆನುವಂಶಿಕ ವೈವಿಧ್ಯ.
• ಸಣ್ಣ ಗುಂಪಿನಲ್ಲಿ ಈ ವೈವಿಧ್ಯ ಬೇಗ ಕಳೆದುಹೋಗುತ್ತದೆ.
• ಬೇರೆಯಾದ ಗುಂಪುಗಳು ಕಾಲ ಕಳೆದಂತೆ ಒಂದರಿಂದೊಂದು ಭಿನ್ನವಾಗುತ್ತವೆ.
• ಕೆಲವೇ ಪ್ರಾಣಿಗಳು ಗುಂಪಿನಿಂದ ಗುಂಪಿಗೆ ಹೋದರೂ ವೈವಿಧ್ಯ ಉಳಿಯಲು ನೆರವಾಗುತ್ತದೆ.

ಯೋಚಿಸಿ, ಉತ್ತರಿಸಿ

1. ಮೂರನೇ ಗಣತಿಗೂ ನಾಲ್ಕನೇ ಗಣತಿಗೂ ನಡುವೆ ಪಾಂಡಾಗಳ ಸಂಖ್ಯೆ ಎಷ್ಟು ಹೆಚ್ಚಾಯಿತು?
2. ಆರು ಬೆಟ್ಟಸಾಲುಗಳ ಪಾಂಡಾ ಸಂಖ್ಯೆಗೆ ಸ್ತಂಭ ನಕ್ಷೆ ಬರೆಯಿರಿ. ಮೊದಲು ಯಾವ ಸಾಲಿಗೆ ನೆರವು ಬೇಕು ಎನ್ನುತ್ತೀರಿ? ಏಕೆ?
3. ಚಿಜಾಯ್‌ನ ಎರಡೂ ಪ್ರತಿಗಳಲ್ಲಿ ಲೋಪವಿದೆ. ಎರಡೂ ಪ್ರತಿ ಸರಿಯಿರುವ ಹೆಣ್ಣು ಪಾಂಡಾಕ್ಕೂ ಅವನಿಗೂ ಮರಿ ಹುಟ್ಟಿದರೆ ಅದರ ಬಣ್ಣ ಯಾವುದು? ಅದರಲ್ಲಿ ಲೋಪವಿರುವ ಪ್ರತಿ ಎಷ್ಟು ಇರುತ್ತದೆ?
4. ತರಗತಿಯಲ್ಲಿ ಎರಡು ತಂಡಗಳಾಗಿ ಚರ್ಚೆ ನಡೆಸಿ: ಚಿನ್‌ಲಿಂಗ್ ಪಾಂಡಾಗಳನ್ನು ಉಳಿದವುಗಳೊಂದಿಗೆ ಬೆರೆಸಬೇಕು, ಬೆರೆಸಬಾರದು. ಪ್ರತಿ ಮಾತಿಗೂ ಈ ಪಾಠದಿಂದ ಒಂದು ಕಾರಣ ಕೊಡಿ.